ಒಂದು ಹಗಲು, ಎರಡು ಅಳಿವೆ

ಕುಮಟಾ ರೈಲು ನಿಲ್ದಾಣದ ಹೊರಗೆ ಬಾಡಿಗೆ ಕಾರು ಹಿಡಿಯುವವರು ಮೊದಲು ಕೇಳುವುದು ದರ. ಆಮೇಲೆ ಗೋಕರ್ಣಕ್ಕೆ ಎಷ್ಟು ದೂರ, ಮುರ್ಡೇಶ್ವರ ಮುಗಿಸಿ ರಾತ್ರಿ ರೈಲಿಗೆ ವಾಪಸು ಬರಬಹುದೇ ಎಂದು ವಿಚಾರಿಸುತ್ತಾರೆ. ಕಡಲಿನ ಒಡನಾಟವಿರುವ ಚಾಲಕ ಸಿಕ್ಕಿದರೆ ಅವನೇ ತಿರುಗಿ ಒಂದು ಮಾತು ಕೇಳಿಯಾನು: ‘ಇಳಿತ ಎಷ್ಟು ಹೊತ್ತಿಗೆ ಅಂತ ನೋಡ್ಕೊಂಡಿದ್ದೀರಾ?’

ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿ ಬಂದವರಿಗೆ ಇದು ವಿಚಿತ್ರ ಪ್ರಶ್ನೆ. ಆದರೆ ಉತ್ತರ ಕನ್ನಡದ ಈ ಭಾಗದಲ್ಲಿ ದಿನದ ಯೋಜನೆ ಹಾಕಬೇಕಾದದ್ದು ಗಡಿಯಾರ ನೋಡಿ ಅಲ್ಲ, ನೀರು ನೋಡಿ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಇವತ್ತಿನ ಇಳಿತ ಎಂಟು ಗಂಟೆಗಾದರೆ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಪ್ರವಾಸಿ ಬಸ್ಸುಗಳಿಗೆ ಇದನ್ನೆಲ್ಲ ಕಟ್ಟಿಕೊಂಡು ಆಗಬೇಕಾದ್ದೇನಿಲ್ಲ. ಅವು ದೇವಸ್ಥಾನದ ಬಾಗಿಲು ತೆರೆಯುವ ಹೊತ್ತಿಗೆ ಹೊರಡುತ್ತವೆ. ಸ್ವಂತಕ್ಕೊಂದು ಕಾರು ಮಾಡಿಕೊಂಡವರು ಮಾತ್ರ ನೀರಿನ ಹೊತ್ತಿಗೆ ತಮ್ಮ ಹೊತ್ತನ್ನು ಹೊಂದಿಸಿಕೊಳ್ಳಬಹುದು. ಬೆಳಗ್ಗೆ ಇಳಿತವಿದ್ದರೆ ಮೊದಲು ಅಘನಾಶಿನಿ ನದಿಯ ಅಳಿವೆ, ಆಮೇಲೆ ಶರಾವತಿಯದು. ಮಧ್ಯಾಹ್ನ ಇಳಿತವಾದರೆ ಉಲ್ಟಾ. ಒಂದೇ ಹಗಲಿನಲ್ಲಿ ನೋಡಿ ಮುಗಿಸಬಹುದಾದಷ್ಟು ಹತ್ತಿರವಿರುವ ಈ ಎರಡು ಅಳಿವೆಗಳು ಸ್ವಭಾವದಲ್ಲಿ ಬಹಳ ದೂರ.

ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಗೆ ಹೋದವರಿಗೆ ಮೊದಲು ಕಾಣುವುದು ನದಿಯ ನಡುವೆ ನಿಂತ ಜನ. ಸೊಂಟದವರೆಗೆ ನೀರು, ಪಕ್ಕದಲ್ಲಿ ತೇಲುವ ಪಾತ್ರೆ ಇಲ್ಲವೇ ಪುಟ್ಟ ದೋಣಿ. ಕಾಲಿನಿಂದ ಮರಳು ತಡಕುತ್ತಾರೆ, ಬಗ್ಗುತ್ತಾರೆ, ಮುಷ್ಟಿಯಲ್ಲಿ ಬೆಳಚು ಎಂಬ ಚಿಪ್ಪುಜೀವಿಯನ್ನು ಎತ್ತುತ್ತಾರೆ. ಗಂಡಸರು, ಹೆಂಗಸರು, ರಜೆಯ ದಿನವಾದರೆ ಮಕ್ಕಳೂ. ನೀರು ಮತ್ತೆ ಏರತೊಡಗಿದರೆ ಕೆಲಸ ನಿಂತಿತು. ಸಿಕ್ಕ ಚಿಪ್ಪಿನಲ್ಲಿ ಒಂದಷ್ಟು ಮನೆಯ ಸುಕ್ಕಾಕ್ಕೆ, ಒಂದಷ್ಟು ಊರ ಸಂತೆಗೆ, ಉಳಿದದ್ದು ಚೀಲ ತುಂಬಿ ಗೋವಾದ ದಾರಿ ಹಿಡಿಯುತ್ತದೆ. ಗೋವಾದಲ್ಲಿ ಪ್ರವಾಸಿಯ ತಟ್ಟೆಗೆ ಬೀಳುವ ಚಿಪ್ಪು ಅಘನಾಶಿನಿಯದ್ದಾಗಿದ್ದರೆ ಆಶ್ಚರ್ಯವಿಲ್ಲ.

ಬೆಳಚು ಎಲ್ಲ ನದಿಯಲ್ಲೂ ಬೆಳೆಯುವುದಿಲ್ಲ. ಅದಕ್ಕೆ ಪೂರಾ ಉಪ್ಪು ನೀರೂ ಆಗದು, ಪೂರಾ ಸಿಹಿ ನೀರೂ ಆಗದು. ಮಳೆಗಾಲದಲ್ಲಿ ಘಟ್ಟದ ನೀರು, ಬೇಸಿಗೆಯಲ್ಲಿ ಕಡಲ ನೀರು ಎಂಬ ಹಳೆಯ ಲಯ ಕೆಡದೆ ಇರಬೇಕು. ಸಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ತದಡಿಯ ಹತ್ತಿರ ಕಡಲು ಸೇರುವ ಅಘನಾಶಿನಿಗೆ ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಪಶ್ಚಿಮ ಘಟ್ಟದ ನದಿಗಳಲ್ಲಿ ಈ ಭಾಗ್ಯ ಉಳಿಸಿಕೊಂಡವು ಬೆರಳೆಣಿಕೆಯಷ್ಟು.

ಅಳಿವೆಯ ಎರಡೂ ದಂಡೆಗಳಲ್ಲಿ ಕಾರು ನಿಧಾನ ಮಾಡಿಸಿದರೆ ಗಜನಿ ಗದ್ದೆಗಳು ಕಾಣುತ್ತವೆ. ಕಡಲ ನೀರಿಗೆ ಒಡ್ಡು ಕಟ್ಟಿ, ಜಂತ್ರಡಿ ಎಂಬ ಮರದ ಬಾಗಿಲಿಟ್ಟು, ಬೇಕಾದಾಗ ನೀರು ಬಿಟ್ಟುಕೊಂಡು ಬೇಡವಾದಾಗ ಹೊರಹಾಕುವ ಹಳೆಯ ಏರ್ಪಾಡು ಅದು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ, ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯದ ತಳಿ. ಆಳೆತ್ತರಕ್ಕೆ ಹತ್ತಿರ ಹತ್ತಿರ ಬೆಳೆಯುತ್ತದೆ. ಗೊಬ್ಬರ ಬೇಡ, ಔಷಧಿ ಬೇಡ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೆ ಬಿಟ್ಟರೆ ಅದು ಕೊಳೆತು ಸಿಗಡಿಗೆ, ಮೀನಿಗೆ ಆಹಾರ. ಹೀಗೆ ಒಂದೇ ಗದ್ದೆ ಮಳೆಯಲ್ಲಿ ಅಕ್ಕಿ, ಬೇಸಿಗೆಯಲ್ಲಿ ಮೀನು ಕೊಡುತ್ತಿತ್ತು. ಈಗ ಎಷ್ಟೋ ಕಡೆ ಒಡ್ಡು ಒಡೆದಿದೆ, ಬೇಸಾಯ ಬಿಟ್ಟಿದೆ; ಸಿಗಡಿ ಮಾತ್ರ ಉಳಿದಿದೆ. ಹವಾಮಾನ ಬದಲಾವಣೆಗೆ ಒಗ್ಗುವ ಭತ್ತ ಬೇಕು ಎಂದು ಲೋಕವೆಲ್ಲ ಹುಡುಕುವ ಕಾಲದಲ್ಲಿ ಇಲ್ಲಿ ಅಂಥದೊಂದು ಭತ್ತ ಬಿತ್ತುವವರಿಲ್ಲದೆ ಸೊರಗುತ್ತಿದೆ.

ಸಾಣಿಕಟ್ಟಾದ ಉಪ್ಪಿನಾಗರವೂ ಇದೇ ನೀರಿನ ಕೂಸು. ಭರತದ, ಅಂದರೆ ಏರಿದ ಕಡಲಿನ, ನೀರನ್ನು ಒಳಕ್ಕೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹರಿಸುತ್ತ, ಬಿಸಿಲಿಗೆ ಮಂದ ಮಾಡುತ್ತ ಕೊನೆಗೆ ಉಪ್ಪು ಎಳೆಯುತ್ತಾರೆ. ಬೇಸಿಗೆಯಲ್ಲಿ ಹೋದರೆ ಸಾಲು ಸಾಲು ರಾಶಿಗಳು. ಅಂಗಡಿಯ ಪ್ಯಾಕೆಟ್ಟಿನ ಹಾಗೆ ಬೆಳ್ಳಗಿರುವುದಿಲ್ಲ, ಹರಳು ದಪ್ಪ, ಬಣ್ಣದಲ್ಲಿ ಮಣ್ಣಿನ ಛಾಯೆ. ಮಿಡಿ ಉಪ್ಪಿನಕಾಯಿ ಹಾಕುವ ಘಟ್ಟದ ಮೇಲಿನ ಮನೆಗಳಲ್ಲಿ ಈ ಉಪ್ಪಿಗೆ ಮರ್ಯಾದೆ ಜಾಸ್ತಿ. ಇಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರದ ಅಂಕೋಲೆಯಲ್ಲಿಯೇ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು. ಉಪ್ಪು ಇಲ್ಲಿಯವರಿಗೆ ಭಾಷಣದ ಸಂಕೇತವಾಗಿರಲಿಲ್ಲ, ಅಂಗಳದಾಚೆಯ ಕಸುಬಾಗಿತ್ತು.

ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆಯೊಂದು ಹಿಂದೆ ಬಂದಿತ್ತು. ಜನ ವಿರೋಧಿಸಿದರು, ವಿಜ್ಞಾನಿಗಳು ಅಳಿವೆಯ ಲೆಕ್ಕ ಮುಂದಿಟ್ಟರು, ಯೋಜನೆ ಬಿದ್ದುಹೋಯಿತು. 2024ರ ಆರಂಭದಲ್ಲಿ 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ದಿವಗಿಯ ಸೇತುವೆಯ ಆಚೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಮಿರ್ಜಾನ್ ಕೋಟೆ. ಚೀರೆಕಲ್ಲಿನ ಗೋಡೆಗಳು ಮಳೆಗಾಲದಲ್ಲಿ ಪಾಚಿ ಹೊದ್ದು ಹಸಿರಾಗುತ್ತವೆ, ಬೇಸಿಗೆಯಲ್ಲಿ ಕೆಂಪಾಗುತ್ತವೆ. ಮೊಬೈಲು ಹಿಡಿದವರಿಗೆ ಹಸಿರು ಇಷ್ಟ. ಕಟ್ಟೋಣ ಅರ್ಥವಾಗಬೇಕಿದ್ದರೆ ಕೆಂಪೇ ಒಳ್ಳೆಯದು. ಬಂದವರಲ್ಲಿ ಹೆಚ್ಚಿನವರಿಗೆ ಹೊಳೆಯುವ ಸಂಶಯ ಒಂದೇ: ಕಡಲೇ ಕಾಣದ ಈ ಮೂಲೆಯಲ್ಲಿ ಬಂದರಿನ ಕೋಟೆ ಯಾಕೆ? ಉತ್ತರ ಮತ್ತೆ ನೀರಿನಲ್ಲೇ ಇದೆ. ಭರತ ಏರಿದಾಗ ಅಳಿವೆಯ ಕವಲುಗಳಲ್ಲಿ ದೋಣಿಗಳು ಒಳನಾಡಿಗೆ ಬರಬಹುದಿತ್ತು. ತೆರೆಗಡಲಿನಲ್ಲಿ ನಿಂತ ಶತ್ರು ಹಡಗಿನ ಫಿರಂಗಿಗೆ ಈ ಜಾಗ ಎಟುಕುತ್ತಿರಲಿಲ್ಲ. ಘಟ್ಟದಿಂದ ಇಳಿದ ಮೆಣಸೂ ಕಡಲಿಂದ ಬಂದ ವ್ಯಾಪಾರಿಯೂ ಸೇರುವ ಹಿನ್ನೀರಿನ ಕಟ್ಟೆ ಇದು.

ಮೆಣಸು ಎಂದೊಡನೆ ಬರುವ ಹೆಸರು ಚೆನ್ನಭೈರಾದೇವಿಯದು. ಗೇರುಸೊಪ್ಪೆಯನ್ನು ರಾಜಧಾನಿ ಮಾಡಿಕೊಂಡು 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ ಜೈನ ರಾಣಿ. ಪೋರ್ಚುಗೀಸರು ಅವಳನ್ನು ಕರೆದದ್ದು ‘ರೈನಾ ದ ಪಿಮೆಂಟಾ’, ಕಾಳುಮೆಣಸಿನ ರಾಣಿ ಎಂದು. ಹೊಗಳಿಕೆಗಿಂತ ಹೊಟ್ಟೆಕಿಚ್ಚೇ ಅದರಲ್ಲಿ ಹೆಚ್ಚಿದ್ದೀತು. ಅವರಿಗೆ ಬೇಕಾದ ಮಾಲು ಅವಳ ಕೈಯಲ್ಲಿತ್ತು, ಬೆಲೆ ಹೇಳುವವಳೂ ಅವಳೇ. ವ್ಯಾಪಾರವೂ ನಡೆಯಿತು, ಯುದ್ಧವೂ ನಡೆಯಿತು. 1569ರಲ್ಲಿ ಪೋರ್ಚುಗೀಸರು ಹೊನ್ನಾವರದ ಕೋಟೆಯನ್ನು ಹಿಡಿದರು. ಆದರೆ ಕೊನೆಗೆ ಅವಳನ್ನು ಸೋಲಿಸಿದ್ದು ಪರಂಗಿಯವರಲ್ಲ, ಘಟ್ಟದ ಮೇಲಿನ ನೆರೆಯವರು. ಕೆಳದಿಯವರ ಸೆರೆಯಲ್ಲಿ, ಇಕ್ಕೇರಿಯಲ್ಲಿ ಅವಳ ಬದುಕು ಮುಗಿಯಿತು. 1623ರಲ್ಲಿ ಈ ದಾರಿಯಲ್ಲಿ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಗೇರುಸೊಪ್ಪೆಯಲ್ಲಿ ನೋಡಿದ್ದು ಪಾಳುಬಿದ್ದ ಅರಮನೆಯನ್ನು. ಮೆಣಸಿನ ರಾಣಿಗೆ ಅಂಚೆ ಚೀಟಿಯ ಗೌರವ ಸಿಗಲು 2025ರವರೆಗೆ ಕಾಯಬೇಕಾಯಿತು.

ಮಿರ್ಜಾನ್ ಕೋಟೆಯನ್ನು ಕಟ್ಟಿದವರು ಯಾರು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಊರವರಿಗೆ ಅನುಮಾನವಿಲ್ಲ, ಅದು ರಾಣಿಯದೇ. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಸಿಕ್ಕ ವಸ್ತುಗಳು ಇನ್ನೂ ಸ್ವಾರಸ್ಯದವು: ಚೀನಾದ ಪಿಂಗಾಣಿ ಚೂರು, ಕಬ್ಬಿಣದ ಗುಂಡು, 1652ರ ಪೋರ್ಚುಗೀಸ್ ಚಿನ್ನದ ನಾಣ್ಯ. ರಾಣಿ ಹೋಗಿ ಅರ್ಧ ಶತಮಾನ ಸಮೀಪಿಸುವ ಹೊತ್ತಿನ ನಾಣ್ಯವದು. ಆಳುವವರು ಬದಲಾದರೂ ಮೆಣಸಿನ ದುಡ್ಡು ಈ ಕವಲಿನಲ್ಲಿ ಓಡಾಡುವುದು ನಿಂತಿರಲಿಲ್ಲ.

ಊಟಕ್ಕೆ ಕುಮಟಾ. ಕಾಣೆಯೋ ಬಂಗುಡೆಯೋ ಸಿಕ್ಕದ್ದು ತಿನ್ನಬಹುದು. ಮಾಂಸ ಮೀನು ಮುಟ್ಟದವರಿಗೂ ಊರಲ್ಲಿ ಕೊರತೆಯಿಲ್ಲ. ಬೇಸಿಗೆಯಾದರೆ ಹೆದ್ದಾರಿ ಬದಿಯಲ್ಲಿ ಸಿಹಿ ಈರುಳ್ಳಿಯನ್ನು ಜಡೆ ಹೆಣೆದ ಹಾಗೆ ಕಟ್ಟಿ ನೇತುಹಾಕಿರುತ್ತಾರೆ. ಈಗ ಸಾಧಾರಣ ತಾಲೂಕು ಪಟ್ಟಣದಂತೆ ಕಾಣುವ ಕುಮಟಾ, ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡ ಸೀಮೆಯ ಹತ್ತಿಯನ್ನು ಕಡಲಿಗೆ ದಾಟಿಸಿದ ದೊಡ್ಡ ಬಂದರು. ಮರ್ಮಗೋವಾಕ್ಕೆ ರೈಲು ಬಿದ್ದ ಮೇಲೆ ಹತ್ತಿ ಆ ಕಡೆ ತಿರುಗಿತು, ಕುಮಟಾ ಸುಮ್ಮನಾಯಿತು.

ಅಲ್ಲಿಂದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರ್, ಹೊನ್ನಾವರ. ಶರಾವತಿಯ ಮೇಲೆ ಹೆದ್ದಾರಿಯ ಸೇತುವೆ ದಾಟುವಾಗ ಪಕ್ಕದಲ್ಲಿ ಕಾಣುವ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಕೊಂಕಣ ರೈಲುಮಾರ್ಗದಲ್ಲಿ ಅದಕ್ಕಿಂತ ಉದ್ದದ್ದಿಲ್ಲ. ಹದಿನಾಲ್ಕನೇ ಶತಮಾನದ ನಲವತ್ತರ ದಶಕದಲ್ಲಿ ಈ ಊರಿಗೆ ಬಂದ ಇಬ್ನ್ ಬತೂತ ಇಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದು ಬರೆದಿಟ್ಟ. ಮೊರಾಕ್ಕೊದಿಂದ ಹೊರಟು ಅಷ್ಟೆಲ್ಲ ದೇಶ ಸುತ್ತಿದವನಿಗೂ ಇದು ಬೇರೆಲ್ಲೂ ಕಾಣದ ಸಂಗತಿಯಾಗಿತ್ತು. ಹೊನ್ನಾವರದ ಬಸ್ ನಿಲ್ದಾಣದಲ್ಲಿ ದೊಡ್ಡಕ್ಷರದಲ್ಲಿ ಬರೆಸಬಹುದಾದ ಮಾತು.

ನದಿಯ ವಿಷಯಕ್ಕೆ ಬಂದರೆ, ನೋಟಕ್ಕೆ ಶರಾವತಿಯ ಅಳಿವೆ ಅಘನಾಶಿನಿಯಷ್ಟೇ ಚೆಂದ. ತೆಂಗು, ಕುರ್ವೆ ಎಂಬ ನದಿ ನಡುವಿನ ದ್ವೀಪಗಳು, ನಿಧಾನ ಸರಿಯುವ ದೋಣಿ. ಆದರೆ ನೀರಿನ ನಡುವೆ ನಿಂತು ಬೆಳಚು ಹೆಕ್ಕುವ ಆ ಜಾತ್ರೆ ಇಲ್ಲಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು, ಆಮೇಲೆ ಗೇರುಸೊಪ್ಪೆಯ ಟೇಲ್‌ರೇಸ್ ಅಣೆಕಟ್ಟು ಬಂದ ಮೇಲೆ ವಿದ್ಯುತ್ ತಯಾರಾದಾಗೆಲ್ಲ ಸಿಹಿ ನೀರು ಕೆಳಗೆ ಬರುತ್ತದೆ. ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ. ಅಳಿವೆಯ ಉಪ್ಪು ತೆಳುವಾಯಿತು. ಉಪ್ಪು ಬೇಕಾದ ಚಿಪ್ಪುಜೀವಿಗಳು, ಉಪ್ಪು ಬೇಕಾದ ಕಾಂಡ್ಲಾ (ಮ್ಯಾಂಗ್ರೋವ್) ಜಾತಿಗಳು ಹಿಂದೆ ಸರಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಎರಡೂ ಅಳಿವೆಗಳನ್ನು ಅಕ್ಕಪಕ್ಕ ಇಟ್ಟು ಅಳೆದು ಹೇಳಿದ ಮಾತಿದು. ಬೆಂಗಳೂರಿನ ಮನೆಯಲ್ಲಿ ಫ್ಯಾನು ತಿರುಗುವುದಕ್ಕೂ ಹೊನ್ನಾವರದ ಮೀನುಗಾರನ ಬುಟ್ಟಿಗೂ ಇರುವ ಈ ನಂಟು, ಬೆಳಗ್ಗೆ ಅಘನಾಶಿನಿ ನೋಡಿ ಬಂದವರಿಗೆ ಯಾರೂ ಪಾಠ ಮಾಡದೆ ತಿಳಿಯುತ್ತದೆ.

ಹಾಗೆಂದು ಶರಾವತಿಯಲ್ಲಿ ಕಾಂಡ್ಲಾ ಇಲ್ಲವೆಂದಲ್ಲ. ಅರಣ್ಯ ಇಲಾಖೆ ಇಲ್ಲಿ ಕಾಂಡ್ಲಾವನದ ನಡುವೆ ಮರದ ನಡಿಗೆದಾರಿ ಕಟ್ಟಿಸಿದೆ. ಇಳಿತದಲ್ಲಿ ನಡೆದರೆ ಕೆಸರೊಳಗಿಂದ ಪೆನ್ಸಿಲಿನ ಹಾಗೆ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಒಂದೇ ಕೊಂಬು ದೊಡ್ಡದಾದ ಪುಟ್ಟ ಏಡಿಗಳು. ಭರತದಲ್ಲಿ ಹೋದರೆ ಇದ್ಯಾವುದೂ ಇಲ್ಲ, ಬರೀ ನೀರಿನ ಮೇಲೆ ಎಲೆ. ಕೆಲವು ಕಾಂಡ್ಲಾ ಗಿಡಗಳ ಬೀಜ ಮರದಲ್ಲಿರುವಾಗಲೇ ಮೊಳೆತು ನುಗ್ಗೆಕಾಯಿಯಂತೆ ಉದ್ದಕ್ಕೆ ಜೋತುಬೀಳುತ್ತದೆ. ಕಳಚಿ ಬಿದ್ದರೆ ಕೆಸರಿಗೆ ನಾಟಿಕೊಂಡು ಅಲ್ಲೇ ಬೇರು ಬಿಡಬಹುದು, ಇಲ್ಲವೇ ನೀರಿನೊಡನೆ ತೇಲಿ ಬೇರೆ ದಂಡೆ ಹಿಡಿಯಬಹುದು. ಮಿಂಚುಳ್ಳಿ, ಬೆಳ್ಳಕ್ಕಿ, ಗರುಡ ಹೇಗೂ ಸಿಗುತ್ತವೆ. ಚಳಿಗಾಲವಾದರೆ ದೂರದ ಅತಿಥಿಗಳೂ ಇರುತ್ತವೆ. ಗಲಾಟೆ ಮಾಡುವ ಗುಂಪು ಮುಂದೆ ಹೋಗಲಿ ಎಂದು ಹತ್ತು ನಿಮಿಷ ನಿಲ್ಲುವ ಸ್ವಾತಂತ್ರ್ಯ ಸ್ವಂತ ಕಾರಿನವರಿಗಿದೆ. ಅದನ್ನು ಬಳಸಿಕೊಳ್ಳುವವರು ಕಡಿಮೆ.

ಸಂಜೆಗೆ ಕಾಸರಕೋಡು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಇಲ್ಲೇ ಇದೆ. ಶುಚಿಯಾಗಿದೆ, ಶಿಸ್ತಾಗಿದೆ, ಅಷ್ಟೇ. ಹೆಚ್ಚಿನ ಕಥೆ ಇರುವುದು ಟೊಂಕ ಎಂಬ ಮೀನುಗಾರರ ಕೇರಿಯ ಮರಳಿನಲ್ಲಿ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಇಲ್ಲಿ ಮೊಟ್ಟೆಯಿಡಲು ದಡ ಏರುತ್ತವೆ. ಒಂದು ಗೂಡಿಗೆ ನೂರರ ಆಸುಪಾಸು ಮೊಟ್ಟೆ. ತಾಯಿ ಮರಳು ಮುಚ್ಚಿ ಹೋದರೆ ತಿರುಗಿ ನೋಡುವುದಿಲ್ಲ. ಮರಿ ಮಾಡುವ ಕೆಲಸ ಮರಳಿನ ಕಾವಿನದು. ಮರಿ ಹೆಣ್ಣೋ ಗಂಡೋ ಎಂಬುದನ್ನೂ ಆ ಕಾವೇ ತೀರ್ಮಾನಿಸುತ್ತದೆ. ಮರಳು ಹೆಚ್ಚು ಬಿಸಿಯಾದರೆ ಹೆಣ್ಣು ಹೆಚ್ಚು. ಗೂಡು ಕಂಡ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ನಾಯಿ, ನರಿ ಕೆದಕದಂತೆ ಸುತ್ತ ಬಲೆ ಬೀಳುತ್ತದೆ.

ಈ ಮರಳಿನ ಮೇಲೆ ಖಾಸಗಿ ವಾಣಿಜ್ಯ ಬಂದರು ಕಟ್ಟುವ ಯೋಜನೆಗೆ ಟೊಂಕದ ಮೀನುಗಾರರು ವರ್ಷಗಳಿಂದ ವಿರೋಧ ತೋರುತ್ತಿದ್ದಾರೆ. ಒಣಮೀನು ಹರಡುವ ಜಾಗ, ದೋಣಿ ಎಳೆಯುವ ಜಾಗ, ಆಮೆ ಏರುವ ಜಾಗ ಮೂರೂ ಒಂದೇ ಎಂಬುದು ಅವರ ವಾದದ ತಿರುಳು. ಪ್ರವಾಸಿ ಈ ಜಗಳದಲ್ಲಿ ಪಂಚಾಯಿತಿ ಮಾಡಬೇಕಾಗಿಲ್ಲ. ಒಣಮೀನು ಹರವುತ್ತಿರುವ ಹೆಂಗಸರನ್ನು ‘ಅಮ್ಮ, ಆಮೆ ಬಂದಿತ್ತಾ ಈ ಸಲ?’ ಎಂದು ಕೇಳಿದರೆ ಸಾಕು, ಜಾಗ ತೋರಿಸಲು ಯಾರಾದರೂ ಎದ್ದು ಬಂದಾರು.

ಮೊಟ್ಟೆ ಒಡೆಯಲು ಸುಮಾರು 45ರಿಂದ 60 ದಿನ ಬೇಕು. ಗೂಡು ಸಿಕ್ಕ ತಾರೀಕು ಕೇಳಿಕೊಂಡವರು ಅಲ್ಲೇ ಬೆರಳು ಮಡಚಿ ಲೆಕ್ಕ ಹಾಕುತ್ತಾರೆ, ಮರಿಗಳು ಕಡಲಿಗಿಳಿಯುವ ವಾರ ಯಾವುದು, ಆ ವಾರದಲ್ಲಿ ಶನಿವಾರ ಎಂದು ಬರುತ್ತದೆ, ಬೆಂಗಳೂರಿನಿಂದ ರಾತ್ರಿ ರೈಲಿಗೆ ಟಿಕೆಟ್ ಉಳಿದಿದೆಯೇ ಎಂದು. ಚಾಲಕ ಹಾರನ್ ಮಾಡುತ್ತಾನೆ. ನೀರು ಏರತೊಡಗಿರುತ್ತದೆ.