ಖರೀದಿ ಪತ್ರಕ್ಕೆ ಮುನ್ನ ಕೊನೆಯ ಪರಿಶೀಲನೆ

ಮನೆಯನ್ನಾಗಲಿ, ಮಳಿಗೆಸಹಿತ ಕಟ್ಟಡವನ್ನಾಗಲಿ ಕೊಳ್ಳುವಾಗ ನಮ್ಮ ವ್ಯಾಪಾರಸ್ಥರು ದರದ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಆದರೆ ನೋಂದಣಿಯ ದಿನ ಕಟ್ಟಡವನ್ನು ಮತ್ತೊಮ್ಮೆ ನೋಡದೆ ನೇರವಾಗಿ ಉಪನೋಂದಣಿ ಕಚೇರಿಗೆ ತೆರಳುತ್ತಾರೆ. ಈ ಅವಸರ ಹಾನಿಕರ.

1882ರ ಆಸ್ತಿ ವರ್ಗಾವಣೆ ಅಧಿನಿಯಮದ 55ನೇ ಕಲಮಿನಂತೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರಿಗೆ ಕಾಣದ, ತಮಗೆ ತಿಳಿದಿರುವ ಮಹತ್ವದ ದೋಷವನ್ನು ಮಾರುವವರು ತಿಳಿಸಬೇಕು. ಕಣ್ಣಿಗೆ ಕಾಣುವ ದೋಷವನ್ನು ಗಮನಿಸುವ ಹೊಣೆ ಕೊಳ್ಳುವವರದೇ.

ಆದ್ದರಿಂದ ಬಾಕಿ ಹಣ ಕೊಡುವ ಮುನ್ನ, ಹಗಲು ಹೊತ್ತಿನಲ್ಲಿ, ಕರಾರುಪತ್ರ ಹಿಡಿದು ಮಾರುವವರೊಡನೆ ಕಟ್ಟಡವನ್ನು ಸುತ್ತಿ ನೋಡಬೇಕು. ಚಕ್ಕುಬಂದಿ ಪತ್ರದಲ್ಲಿರುವಂತೆಯೇ ಇದೆಯೇ? ಬಾಡಿಗೆದಾರರು ತೆರವು ಮಾಡಿದ್ದಾರೆಯೇ? ಮಾತಾದಂತೆ ಪಂಪು, ಕಪಾಟು, ಬಾಗಿಲುಗಳು ಉಳಿದಿವೆಯೇ? ನಲ್ಲಿ ತಿರುಗಿಸಿ, ದೀಪ ಹಚ್ಚಿ, ಛಾವಣಿಯ ಸೋರಿಕೆಯನ್ನೂ ಪರೀಕ್ಷಿಸಬೇಕು.

ನಿಡಸೋಸಿಯಲ್ಲಿ ಕೊಳ್ಳುವವರು ಗ್ರಾಮ ಪಂಚಾಯಿತಿಯ ತೆರಿಗೆ ರಸೀದಿಯ ಜೊತೆಗೆ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಇತ್ತೀಚಿನ ಬಿಲ್ಲನ್ನೂ ಕೇಳಿ ಪಡೆಯಬೇಕು. ನಿಯಮಗಳಲ್ಲಿ ಅವಕಾಶವಿದ್ದಲ್ಲಿ, ಹಿಂದಿನ ಮಾಲೀಕರ ವಿದ್ಯುತ್ ಬಾಕಿಯನ್ನು ತೀರಿಸಿದ ಮೇಲೆಯೇ ಹೊಸ ಮಾಲೀಕರಿಗೆ ಸಂಪರ್ಕ ಎಂಬ ಷರತ್ತು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿದೆ. ಗಿರಣಿ ಅಥವಾ ಸಣ್ಣ ಕಾರಖಾನೆ ನಡೆಸಿದ ಕಟ್ಟಡದಲ್ಲಿ ಈ ಬಾಕಿ ದೊಡ್ಡದಿರಬಹುದು.

ಕೊರತೆ ಕಂಡುಬಂದರೆ ಬಾಯಿಮಾತಿನ ಭರವಸೆ ಸಾಲದು. ದುರಸ್ತಿಯ ವಿವರ, ಅವಧಿ ಹಾಗೂ ತಡೆಹಿಡಿಯುವ ಮೊತ್ತವನ್ನು ಬರೆಯಿಸಿ ಉಭಯತರ ಸಹಿ ಪಡೆಯಬೇಕು. ಮಾರುವವರು ಒಪ್ಪದಿದ್ದಲ್ಲಿ ಸಹಿಗೆ ಮುನ್ನ ವಕೀಲರ ಸಲಹೆ ಪಡೆದು, ನೋಂದಣಿಯನ್ನು ಮುಂದೂಡುವುದೇ ಲೇಸು.