ಮೊಬೈಲಿಗೆ ಬಂದ ರಸ್ತೆ ಸೀನು

ಶಾಮನೂರು ಈಗ ದಾವಣಗೆರೆ ನಗರದೊಳಗೇ ಸೇರಿಹೋದ ಊರು. ಇಲ್ಲಿನ ಹಿರಿಯರನ್ನು ಕೇಳಿದರೆ ಕಂಪನಿ ನಾಟಕದ ಮಾತು ತೆಗೆಯುತ್ತಾರೆ. ಮೊಮ್ಮಕ್ಕಳ ಕೈಯಲ್ಲಿ ಯೂಟ್ಯೂಬ್ ಕಾಮಿಡಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಎಂದುಕೊಂಡವರೇ ಹೆಚ್ಚು. ನನಗಂತೂ ಇವೆರಡು ಒಂದೇ ಮನೆತನದ ಕುಡಿಗಳಾಗಿ ಕಾಣುತ್ತವೆ.

ಹತ್ತಿಗಿರಣಿಗಳ ಕಾಲದ ದಾವಣಗೆರೆ ನಾಟಕದವರ ಪಾಲಿಗೆ ಅನ್ನದ ಊರಾಗಿತ್ತು. ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಂದಲೇ ಹೊರಟು ನಾಡೆಲ್ಲ ಕ್ಯಾಂಪು ಮಾಡಿತು. ಅವರ ಮಗಳು ಚಿಂದೋಡಿ ಲೀಲಾ ಬಣ್ಣ ಹಚ್ಚಿ, ಕಂಪನಿಯನ್ನೂ ನಡೆಸಿ, 1988ರಲ್ಲಿ ಪದ್ಮಶ್ರೀ ಪಡೆದರು. ಹೊಸ ಮಾಧ್ಯಮ ಬಂದಾಗ ಈ ಮನೆತನ ಬಾಗಿಲು ಹಾಕಿಕೊಳ್ಳಲಿಲ್ಲ. ಲೀಲಾ ಸಿನಿಮಾದಲ್ಲೂ ನಟಿಸಿದರು. ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ ಪಂಚಾಕ್ಷರ ಗವಾಯಿಗಳ ಜೀವನಚಿತ್ರ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ 1995ನೇ ಸಾಲಿನ ರಾಷ್ಟ್ರಪ್ರಶಸ್ತಿ ತಂದಿತು.

ಕಂಪನಿ ನಾಟಕದ ಕಸುಬು ತಿಳಿಯಬೇಕಾದರೆ ರಸ್ತೆ ಸೀನನ್ನು ನೋಡಬೇಕು. ಗೌಡರ ಮನೆಯ ದೃಶ್ಯ ಮುಗಿದು ಜೈಲಿನ ದೃಶ್ಯ ಶುರುವಾಗಬೇಕು ಎನ್ನಿ. ಸಾಮಾನು ಎತ್ತಿಡಲು ಹೊತ್ತು ಬೇಕು. ಆಗ ಬೀದಿಯ ಚಿತ್ರ ಬರೆದ ಪರದೆ ಮುಂದಕ್ಕೆ ಇಳಿಯುತ್ತದೆ. ಅದರ ಮುಂದಿನ ನಾಲ್ಕು ಮೊಳ ಜಾಗದಲ್ಲಿ ಹಾಸ್ಯದ ಜೋಡಿ ನಿಲ್ಲುತ್ತದೆ. ಕುಡುಕ ಗಂಡ, ಬಾಯಿಜೋರಿನ ಹೆಂಡತಿ, ಇಲ್ಲವೇ ಪೆದ್ದ ಆಳು. ತೂಗುಬಿಟ್ಟ ಮೈಕಿನ ಹತ್ತಿರ ಬಂದು ಮಾತು ಬಿಡಬೇಕು, ನಗು ಏಳುವವರೆಗೆ ತಡೆಯಬೇಕು, ನಗು ಇಳಿಯುವ ಮುಂಚೆ ಮುಂದಿನ ಮಾತು ಎಸೆಯಬೇಕು. ಪೇಟಿ ಮಾಸ್ತರರು ನಡುನಡುವೆ ಸ್ವರ ಕೊಡುತ್ತಾರೆ. ಹಿಂದೆ ದಡಬಡ ಸದ್ದು ನಡೆದೇ ಇರುತ್ತದೆ, ಜನರ ಕಿವಿಗೆ ಮಾತ್ರ ಬೀಳಕೂಡದು. ಕಥೆಗೆ ಇದರ ಹಂಗಿಲ್ಲ. ಐದಾರು ನಿಮಿಷದಲ್ಲಿ ಅದರಷ್ಟಕ್ಕೆ ಅದೇ ಮುಗಿಯುತ್ತದೆ.

ಶಿವಪುತ್ರ ಯಶಾರಧಾ, ಮಲ್ಲು ಜಮಖಂಡಿ ಅವರಂಥವರ ಯೂಟ್ಯೂಬ್ ಕಾಮಿಡಿ ವಿಡಿಯೊಗಳನ್ನು ಇದರ ಪಕ್ಕಕ್ಕಿಟ್ಟು ನೋಡಿ. ಅವೇ ಎರಡು ಮೂರು ಪಾತ್ರ, ಅದೇ ಗಂಡ-ಹೆಂಡಿರ ಜಗಳ, ಪುಸ್ತಕದ ವಾಸನೆಯಿಲ್ಲದ ಅದೇ ಆಡುಮಾತು. ಪರದೆಯ ಬೀದಿ ಹೋಗಿ ಊರಿನ ನಿಜವಾದ ಬೀದಿ ಬಂದಿದೆ. ಬೆಂಗಳೂರಿನ ಸ್ಟುಡಿಯೊಗಳ ಮರ್ಜಿ ಕಾಯದೆ, ತಮ್ಮ ಮಾತನ್ನೇ ಬಂಡವಾಳ ಮಾಡಿಕೊಂಡು ಗೆದ್ದ ಈ ಹುಡುಗರ ಬಗ್ಗೆ ನನಗೆ ತುಂಬ ಅಭಿಮಾನ.

ದೂರದ ಇಂಡೊನೇಷ್ಯಾದಲ್ಲೂ ಇಂಥದೇ ನಡೆದಿದೆ, ನಮಗಿಂತ ಒಂದು ಹೆಜ್ಜೆ ಮುಂದೆ. ಜಾವಾದಲ್ಲಿ ಮಹಾಭಾರತ, ರಾಮಾಯಣ ಹೇಳುವ ತೊಗಲುಗೊಂಬೆಯಾಟ ವಯಾಂಗ್ ಇದೆಯಲ್ಲ, ಅದರ ಸೂತ್ರಧಾರ ಕಿ ಸೆನೊ ನುಗ್ರೊಹೊ ರಾತ್ರಿಯಿಡೀ ನಡೆಯುವ ತಮ್ಮ ಆಟವನ್ನೇ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸತೊಡಗಿದರು. ಬಾಗೊಂಗ್ ಎಂಬ ವಿದೂಷಕ ಗೊಂಬೆಯ ಮಾತಿಗೆ ಹರೆಯದವರು ಮುಗಿಬಿದ್ದರು. 2020ರಲ್ಲಿ ಕೊರೊನಾದಿಂದ ಆಟಗಳು ನಿಂತಾಗಲೂ ಸೆನೊ ಸಣ್ಣ ಮೇಳ ಕಟ್ಟಿಕೊಂಡು ನೇರಪ್ರಸಾರ ನಡೆಸಿದರು. ಅದೇ ವರ್ಷ ನವೆಂಬರಿನಲ್ಲಿ ಅವರು ತೀರಿಕೊಂಡರು. ಅವರ ಆಟಗಳು ಮಾತ್ರ ಈಗಲೂ ನೋಡಲು ಸಿಗುತ್ತವೆ.

ನಮ್ಮಲ್ಲಿ ಹಾಸ್ಯ ಮೊಬೈಲಿಗೆ ಬಂತು, ಅದನ್ನು ಹೆತ್ತ ನಾಟಕ ಪೂರ್ತಿಯಾಗಿ ಬರಲಿಲ್ಲ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಕ್ಯಾಂಪುಗಳಲ್ಲಿ ರಂಗು ತುಂಬಿದ ಎಷ್ಟೋ ನಟರ ದನಿ ಅವರೊಂದಿಗೇ ಹೋಯಿತು. ವೃತ್ತಿ ರಂಗಭೂಮಿಗೆಂದೇ ಸರ್ಕಾರ ಕಟ್ಟಿದ ರಂಗಾಯಣ ದಾವಣಗೆರೆಯಲ್ಲೇ ಇದೆ. ಉಳಿದಿರುವ ಹಿರಿಯ ಕಲಾವಿದರನ್ನು ಕರೆಸಿ, ರಂಗಗೀತೆ, ರಸ್ತೆ ಸೀನು ಸಮೇತ ಇಡೀ ನಾಟಕಗಳನ್ನು ಚಿತ್ರೀಕರಿಸಿ ಎಲ್ಲರಿಗೂ ಸಿಗುವಂತೆ ಮಾಡುವ ಕೆಲಸವನ್ನು ಅದು ಕೂಡಲೇ ಕೈಗೆತ್ತಿಕೊಳ್ಳಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ನಾಟಕದ ಕ್ಯಾಸೆಟ್ಟು, ಹ್ಯಾಂಡ್‌ಬಿಲ್ಲು, ಫೋಟೊ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.