ಅತಿಶೀತ ಸ್ಥಿತಿಯಲ್ಲಿ ಪಾಲಿಮರ್ ವಸ್ತುಗಳ ಘರ್ಷಣೆ ಮತ್ತು ಸವೆತ

ಒಂದು ಮೇಲ್ಮೈ ಮತ್ತೊಂದರ ಮೇಲೆ ಜಾರುವಲ್ಲೆಲ್ಲ ಘರ್ಷಣೆಯೂ ಸವೆತವೂ ಅನಿವಾರ್ಯ. ಮಳಖೇಡ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಈ ಸಮಸ್ಯೆ ಸುಣ್ಣಕಲ್ಲಿನ ಧೂಳು ಹಾಗೂ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಗೂಡಿನ ಶಾಖದೊಡನೆ ಬೆರೆತಿದೆ. ಆದರೂ ಅಲ್ಲಿನ ಯಂತ್ರಭಾಗಗಳಿಗೆ ಎಣ್ಣೆ, ಗ್ರೀಸುಗಳ ನೆರವುಂಟು. ಉಷ್ಣತೆಯ ಮತ್ತೊಂದು ತುದಿಯಾದ ದ್ರವ ಹೈಡ್ರೋಜನ್ನಿನ ಮೈನಸ್ 253 ಡಿಗ್ರಿಯಲ್ಲಿ ಎಣ್ಣೆಯೇ ಹೆಪ್ಪುಗಟ್ಟಿ ಗಡುಸಾಗುತ್ತದೆ. ದ್ರವ ಹೈಡ್ರೋಜನ್ನಿನ ಸ್ನಿಗ್ಧತೆ ನೀರಿನದಕ್ಕೆ ಹೋಲಿಸಿದರೆ ಸುಮಾರು ಎಪ್ಪತ್ತನೆಯ ಒಂದು ಪಾಲು ಮಾತ್ರ. ಅದರಿಂದ ಸಮರ್ಥ ಜಾರುಪದರ ಏರ್ಪಡದು. ಆದುದರಿಂದಲೇ ಕ್ರಯೋಜನಿಕ್ ರಾಕೆಟ್ ಎಂಜಿನ್ನುಗಳ ಬೇರಿಂಗು, ಸೀಲು, ಕವಾಟಗಳಲ್ಲಿ ಸ್ವತಃ ಜಾರುಗುಣವುಳ್ಳ ಪಾಲಿಮರ್‌ಗಳು, ಮುಖ್ಯವಾಗಿ ಟೆಫ್ಲಾನ್ ಮತ್ತು ಅದರ ಸಂಯುಕ್ತ ವಸ್ತುಗಳು, ಬಳಕೆಗೆ ಬಂದಿವೆ.

ಟೆಫ್ಲಾನ್ ಉಕ್ಕಿನ ಮೇಲೆ ಜಾರುವಾಗ ತನ್ನದೇ ತೆಳು ಪದರವೊಂದನ್ನು ಉಕ್ಕಿಗೆ ಅಂಟಿಸುತ್ತದೆ. ಅನಂತರದ ಜಾರುವಿಕೆ ಟೆಫ್ಲಾನ್ ಮತ್ತು ಟೆಫ್ಲಾನಿನ ನಡುವೆಯೇ ನಡೆಯುವುದರಿಂದ ಘರ್ಷಣೆ ತಗ್ಗುತ್ತದೆ. ಶುದ್ಧ ಟೆಫ್ಲಾನ್ ಬೇಗ ಸವೆಯುವ ಕಾರಣ ಅದಕ್ಕೆ ಗಾಜಿನ ಇಲ್ಲವೆ ಇಂಗಾಲದ ಎಳೆಗಳನ್ನು ಬೆರೆಸುವರು. ಉಷ್ಣತೆ ಇಳಿದಂತೆ ಪಾಲಿಮರ್ ಸರಪಳಿಗಳ ಚಲನೆ ಕುಗ್ಗಿ ವಸ್ತು ಗಡುಸಾಗುತ್ತದೆ, ನಿಜವಾದ ಸ್ಪರ್ಶಕ್ಷೇತ್ರ ಕಿರಿದಾಗುತ್ತದೆ, ಘರ್ಷಣೆಯೂ ಕಡಿಮೆಯಾಗುತ್ತದೆ.

ಆದರೆ ಈ ಇಳಿಕೆ ಕೊನೆಯವರೆಗೂ ಒಂದೇ ಕ್ರಮದಲ್ಲಿ ಸಾಗುವುದಿಲ್ಲ. ಬರ್ಲಿನ್ನಿನ ವಸ್ತು ಸಂಶೋಧನೆ ಮತ್ತು ಪರೀಕ್ಷಾ ಸಂಸ್ಥೆಯ ವಿಜ್ಞಾನಿಗಳು ಸಹಸಂಶೋಧಕರೊಡನೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಟೆಫ್ಲಾನ್ ಸಂಯುಕ್ತಗಳ ಘರ್ಷಣಾಂಕ ಮೈನಸ್ 196 ಡಿಗ್ರಿಯವರೆಗೆ ಇಳಿಯಿತು. ಅದಕ್ಕೂ ಕೆಳಗೆ ಆ ಸರಳ ಸಂಬಂಧ ಉಳಿಯಲಿಲ್ಲ. ಶೈತ್ಯದ ಪರಿಣಾಮ ನಿಧಾನವಾಗಿ ಜಾರುವಾಗ ಹೆಚ್ಚು ಸ್ಪಷ್ಟವಾಗಿತ್ತು. ವೇಗ ಹೆಚ್ಚಿದಾಗ ಉಜ್ಜುವಿಕೆಯ ಶಾಖವೇ ಸ್ಪರ್ಶಬಿಂದುಗಳನ್ನು ಬೆಚ್ಚಗಾಗಿಸುತ್ತದೆ. ಅತಿಶೀತದಲ್ಲಿ ಘನವಸ್ತುಗಳ ವಿಶಿಷ್ಟೋಷ್ಣ ತೀರ ಅಲ್ಪವಾದುದರಿಂದ ಅಲ್ಪ ಶಾಖವೂ ಉಷ್ಣತೆಯನ್ನು ಗಣನೀಯವಾಗಿ ಏರಿಸಬಲ್ಲುದು. ಆ ಶಾಖವನ್ನು ಸುತ್ತಲಿನ ದ್ರವ ಎಷ್ಟು ಬೇಗ ಒಯ್ಯುತ್ತದೆ ಎಂಬುದು ಇಲ್ಲಿ ನಿರ್ಣಾಯಕ.

ಇದರೊಡನೆ ಸಂಕೋಚನವೂ ಸೇರುತ್ತದೆ. ಕೋಣೆಯ ಉಷ್ಣತೆಯಿಂದ ದ್ರವ ಹೈಡ್ರೋಜನ್ನಿನ ಉಷ್ಣತೆಗಿಳಿಯುವಾಗ ಟೆಫ್ಲಾನಿನ ಉದ್ದ ಸುಮಾರು ಶೇಕಡ 2ರಷ್ಟು ಕುಗ್ಗಿದರೆ, ತುಕ್ಕುರಹಿತ ಉಕ್ಕಿನದು ಸುಮಾರು ಶೇಕಡ 0.3ರಷ್ಟು ಮಾತ್ರ. ಬೆಂಗಳೂರಿನ ಕೋಣೆಯಲ್ಲಿ ಸರಿಯಾಗಿ ಕೂಡಿದ ಜೋಡಣೆ ಶೈತ್ಯದಲ್ಲಿ ಸಡಿಲವಾಗಬಹುದು, ಇಲ್ಲವೆ ಬಿಗಿತಕ್ಕೆ ಸಿಲುಕಿ ಬಿರುಕುಬಿಡಬಹುದು.

ಇದರ ಬೆಲೆ ಎಷ್ಟೆಂಬುದಕ್ಕೆ 2021ರ ಆಗಸ್ಟ್ 12ರಂದು ಶ್ರೀಹರಿಕೋಟದಿಂದ ಉಡಾಯಿಸಲಾದ ಜಿಎಸ್‌ಎಲ್‌ವಿ-ಎಫ್10 ನಿದರ್ಶನ. ದ್ರವ ಹೈಡ್ರೋಜನ್ ತೊಟ್ಟಿಯ ನಿರ್ಗಮ ಕವಾಟ ಸೋರಿ ಒತ್ತಡ ಕುಸಿಯಿತು. ಇಂಧನದ ಪೂರಕ ಪಂಪು ಸರಿಯಾಗಿ ನಡೆಯಲಿಲ್ಲ. ಇಒಎಸ್-03 ಉಪಗ್ರಹ ನಷ್ಟವಾಯಿತು. ಕವಾಟದ ಮೃದು ಸೀಲಿಗೆ ಆದ ಹಾನಿಯೇ ಸೋರಿಕೆಗೆ ಅತ್ಯಂತ ಸಂಭವನೀಯ ಕಾರಣವೆಂದು ವಿಶ್ಲೇಷಣಾ ಸಮಿತಿ ನಿರ್ಣಯಿಸಿತು. ಕವಾಟದ ಕಾರ್ಯಾಚರಣೆಯಿಂದಲೋ, ಕಲ್ಮಷ ಮತ್ತು ಶೈತ್ಯದಲ್ಲಿ ಉಂಟಾದ ಜೋಡಣಾ ಒತ್ತಡಗಳಿಂದಲೋ ಆ ಹಾನಿ ಸಂಭವಿಸಿರಬಹುದೆಂದೂ ಅದು ತಿಳಿಸಿತು. ಮೃದು ಸೀಲುಗಳಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಮರ್‌ಗಳನ್ನೇ.

2022ರ ಸೆಪ್ಟೆಂಬರ್ 27ರಂದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಸಮಗ್ರ ಕ್ರಯೋಜನಿಕ್ ಎಂಜಿನ್ ತಯಾರಿಕಾ ಘಟಕ ಉದ್ಘಾಟನೆಗೊಂಡ ಮೇಲೆ ಈ ಅಧ್ಯಯನ ನಮ್ಮ ರಾಜ್ಯಕ್ಕೆ ಇನ್ನಷ್ಟು ಹತ್ತಿರದ ವಿಷಯವಾಗಿದೆ. ಘರ್ಷಣಾಂಕ ಕಡಿಮೆಯೆಂಬ ಒಂದೇ ಆಧಾರದಿಂದ ಪಾಲಿಮರನ್ನು ಆಯ್ದುಕೊಳ್ಳುವುದು ಸಾಲದು. ಅದನ್ನು ಬಳಕೆಯಾಗಲಿರುವ ದ್ರವದಲ್ಲಿಯೇ, ಅದೇ ವೇಗ, ಹೊರೆ ಮತ್ತು ಜೋಡಣೆಯಲ್ಲಿ ಪರೀಕ್ಷಿಸುವುದು ಅಗತ್ಯ.